ಕೊಳೆರೋಗದ ಪುಟಕ್ಕೆ ತಲೆಬರಹ ಕೂಡಿಸಿದ್ದು: ಒಂದು ಕನ್ನಡ ಜಾಲತಾಣದ ದುರಸ್ತಿ ದಿನಚರಿ

ಅಡಿಕೆ ಕೃಷಿಯನ್ನು ಕುರಿತು ನಮ್ಮ ಬಳಗ ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಪುಟ್ಟ ಜಾಲತಾಣವೊಂದಿದೆ. ಕೊಳೆರೋಗ, ಹಳದಿ ಎಲೆ ರೋಗ, ಬೇರುಹುಳು, ಮಂಗಳ ಮತ್ತು ಮೋಹಿತ್‌ನಗರ ತಳಿಗಳ ಗುಣಾವಗುಣ, ಚಾಲಿ ಒಣಗಿಸುವ ಕ್ರಮ, ಕೆಂಪಡಿಕೆ ಬೇಯಿಸುವ ಹದ ಎಂದು ಅರವತ್ತರಷ್ಟು ಪುಟಗಳಿರುವ ಈ ತಾಣ ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದ ಮೇಲೆ ನಿಂತಿದೆ. ಬರೆದವರು ಹಲವರು, ಬರೆದ ಕಾಲವೂ ಬೇರೆ ಬೇರೆ. ಹಾಗಾಗಿ ಒಂದು ಪುಟಕ್ಕೂ ಇನ್ನೊಂದಕ್ಕೂ ಅಣ್ಣ ತಮ್ಮಂದಿರ ಹೋಲಿಕೆ ಕೂಡ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ಬಳಗದ ಹಿರಿಯರೊಬ್ಬರು ಒಂದು ದೂರು ತಂದರು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕಾಗಿ ಗೂಗಲ್‌ನಲ್ಲಿ ‘ಬೋರ್ಡೋ ದ್ರಾವಣ ಮಾಡುವ ವಿಧಾನ’ ಎಂದು ಹುಡುಕಿದರೆ ನಮ್ಮ ಪುಟ ಎಲ್ಲೋ ಕೆಳಗೆ ಸಿಗುತ್ತದೆ, ಸಿಕ್ಕರೂ ಫಲಿತಾಂಶದಲ್ಲಿ ನೀಲಿಯಾಗಿ ಕಾಣುವ ಸಾಲಿನಲ್ಲಿ ದ್ರಾವಣದ ಹೆಸರಿಲ್ಲ, ಜಾಲತಾಣದ ಹೆಸರೇ ಇದೆ, ಒತ್ತಿ ಒಳಗೆ ಹೋದ ಮೇಲೂ ಮೈಲುತುತ್ತು (ತಾಮ್ರದ ಸಲ್ಫೇಟ್) ಎಷ್ಟು, ಸುಣ್ಣ ಎಷ್ಟು ಎಂಬುದನ್ನು ಕಾಣಲು ಮೂರು ನಾಲ್ಕು ಸಲ ಪರದೆಯನ್ನು ಎಳೆಯಬೇಕಾಗುತ್ತದೆ ಎಂಬುದು ಅವರ ಮಾತಿನ ಸಾರ. ತೋಟದ ಅಂಚಿನಲ್ಲಿ ನಿಂತು, ಕೈಗೆ ಸುಣ್ಣ ಮೆತ್ತಿಕೊಂಡು ಫೋನು ನೋಡುವವರ ದೂರು ಇದಾದ್ದರಿಂದ ನಾನು ಅದನ್ನು ತಳ್ಳಿಹಾಕುವಂತಿರಲಿಲ್ಲ. ಪುಟಗಳ ಹೆಡಿಂಗ್ ಟ್ಯಾಗ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಸರಿಪಡಿಸುವ ಕೆಲಸಕ್ಕೆ ಹೀಗೆ ಕೈ ಹಾಕಿದೆ. ಎರಡು ವಾರಾಂತ್ಯದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದು ಆರು ವಾರ ಹಿಡಿಯಿತು.

ಇದ್ದ ಸ್ಥಿತಿ

ಹೆಡಿಂಗ್ ಟ್ಯಾಗ್ ಎಂದರೆ ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ಎಚ್1ರಿಂದ ಎಚ್6ರವರೆಗೆ ಇರುವ ಆರು ಮಟ್ಟದ ತಲೆಬರಹಗಳು. 1995ರ ನವೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ನಿರೂಪಣೆಯಲ್ಲಿಯೂ ಇವು ಆರೇ ಇದ್ದವು, ಇಂದಿಗೂ ಆರೇ. ಎಚ್1 ಇಡೀ ಪುಟದ ಹೆಸರು, ಎಚ್2 ಅದರೊಳಗಿನ ಅಧ್ಯಾಯ, ಎಚ್3 ಅಧ್ಯಾಯದೊಳಗಿನ ಭಾಗ. ಅಕ್ಷರ ಎಷ್ಟು ದೊಡ್ಡದಾಗಿ ಕಾಣಬೇಕೆಂಬುದಕ್ಕೂ ಈ ಮಟ್ಟಕ್ಕೂ ಸಂಬಂಧವಿಲ್ಲ. ಗಾತ್ರ, ಪುಟದ ರೂಪವನ್ನು ಹೇಳುವ ಸಿಎಸ್‌ಎಸ್‌ನ ಕೆಲಸ. ನಮ್ಮ ತಾಣದ ಅರ್ಧದಷ್ಟು ತೊಂದರೆ ಹುಟ್ಟಿದ್ದು ಈ ಒಂದು ಸಂಗತಿಯನ್ನು ಬರೆದವರು ಯಾರೂ ಗಮನಿಸದೆ ಇದ್ದುದರಿಂದ. ಎಚ್4 ಕಣ್ಣಿಗೆ ಹದವಾಗಿ ಕಾಣುತ್ತದೆ ಎಂದು ಒಬ್ಬರು ಎಲ್ಲ ಕಡೆ ಎಚ್4 ಹಾಕಿದ್ದರು, ಸಣ್ಣ ಅಕ್ಷರದ ಎಚ್ಚರಿಕೆಗೆ ಇನ್ನೊಬ್ಬರು ಎಚ್6 ಬಳಸಿದ್ದರು, ಮತ್ತೊಬ್ಬರು ತಲೆಬರಹವನ್ನು ಬರೀ ದಪ್ಪಕ್ಷರದ ಪ್ಯಾರಾ ಆಗಿ ಬರೆದು ಬಿಟ್ಟಿದ್ದರು.

ಮೊದಲ ಸಂಜೆ ಮಾಡಿದ ಕೆಲಸ ಇಷ್ಟೇ: ಬ್ರೌಸರಿನ ಡೆವಲಪರ್ ಕನ್ಸೋಲಿನಲ್ಲಿ ಪುಟದ ಎಲ್ಲ ತಲೆಬರಹಗಳನ್ನು ಮಟ್ಟದ ಸಮೇತ ಸಾಲಾಗಿ ಬರೆಸುವ ಎರಡು ಸಾಲಿನ ಜಾವಾಸ್ಕ್ರಿಪ್ಟ್ ಓಡಿಸಿ, ಬಂದ ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಬೋರ್ಡೋ ದ್ರಾವಣದ ಪುಟದ ಪಟ್ಟಿ ಹೀಗಿತ್ತು:

ಎಚ್1: ಜಾಲತಾಣದ ಹೆಸರು
ಎಚ್2: ಮೆನು
ಎಚ್2: ಬೋರ್ಡೋ ದ್ರಾವಣ
ಎಚ್4: ಪೀಠಿಕೆ
ಎಚ್4: ಮಾಹಿತಿ
ಎಚ್6: ಗಮನಿಸಿ
ಎಚ್4: ಉಪಸಂಹಾರ
ಎಚ್3: ಇತ್ತೀಚಿನ ಬರಹಗಳು
ಎಚ್1: ಹಳದಿ ಎಲೆ ರೋಗ
ಎಚ್1: ಬೇರುಹುಳುವಿನ ಕಾಟ
ಎಚ್1: ಚಾಲಿ ಒಣಗಿಸುವುದು

ಇದನ್ನು ಪುಸ್ತಕದ ಪರಿವಿಡಿ ಎಂದು ಓದಿದರೆ ಪುಟ ಯಾವುದರ ಬಗ್ಗೆ ಎಂದೇ ಹೇಳಲಾಗುವುದಿಲ್ಲ. ಕೊನೆಯ ಮೂರು ಎಚ್1ಗಳು ‘ಇದನ್ನೂ ಓದಿ’ ಎಂಬ ಪೆಟ್ಟಿಗೆಯಲ್ಲಿದ್ದ ಬೇರೆ ಪುಟಗಳ ಹೆಸರುಗಳು. ಬೋರ್ಡೋ ದ್ರಾವಣದ ಪುಟದಲ್ಲಿ ಹಳದಿ ಎಲೆ ರೋಗಕ್ಕೆ ದ್ರಾವಣಕ್ಕಿಂತ ಮೇಲಿನ ಮಣೆ ಸಿಕ್ಕಿತ್ತು. ನಾವು ಬಳಸುತ್ತಿದ್ದ ಥೀಮ್ (ತಾಣದ ವಿನ್ಯಾಸದ ಸಿದ್ಧ ಅಚ್ಚು) ಸಿದ್ಧವಾದ ಕಾಲದಲ್ಲಿ ಪ್ರತಿ ವಿಭಾಗಕ್ಕೂ ಅದರದ್ದೇ ಎಚ್1 ಇರಬಹುದು, ಬ್ರೌಸರು ವಿಭಾಗಗಳ ಒಳಹೊರಗನ್ನು ನೋಡಿ ಮಟ್ಟವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ ಎಂಬ ನಂಬಿಕೆ ಎಚ್‌ಟಿಎಂಎಲ್5ರ ನಿರೂಪಣೆಯಲ್ಲಿಯೇ ಇತ್ತು. ಆ ಲೆಕ್ಕಾಚಾರವನ್ನು ಯಾವ ಬ್ರೌಸರೂ ಪೂರ್ಣವಾಗಿ ಜಾರಿಗೆ ತರಲಿಲ್ಲ. 2022ರಲ್ಲಿ ಅದನ್ನು ನಿರೂಪಣೆಯಿಂದಲೇ ತೆಗೆದುಹಾಕಲಾಯಿತು. ಥೀಮ್ ಮಾತ್ರ ಹಳೆಯ ನಂಬಿಕೆಯಲ್ಲಿಯೇ ಉಳಿದಿತ್ತು.

ಇಷ್ಟರ ಮೇಲೆ, ಎರಡು ಪುಟಗಳಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಅಡಿಕೆ ಕೊಳೆರೋಗ ಅಡಿಕೆ ಔಷಧಿ ಅಡಿಕೆ ಬೆಲೆ’ ಎಂದು ಬರೆದ ಎಚ್1 ಸಿಕ್ಕಿತು. ಹಿಂದೊಮ್ಮೆ ನೆರವಾಗಲು ಬಂದ ಒಬ್ಬರು ಮಾಡಿಟ್ಟ ಉಪಕಾರ ಅದು. ಓದುಗರಿಗೆ ಮರೆಮಾಡಿ ಹುಡುಕು ಯಂತ್ರಕ್ಕೆ ಮಾತ್ರ ಕಾಣಿಸಲು ಪದ ತುಂಬುವುದು ಗೂಗಲ್‌ನ ಸ್ಪ್ಯಾಮ್ ನಿಯಮಗಳಿಗೆ ನೇರ ವಿರುದ್ಧ. ಅವೆರಡನ್ನೂ ಆ ರಾತ್ರಿಯೇ ಅಳಿಸಿದೆ.

ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಕೆಲಸ ಶುರುಮಾಡುವ ಮುನ್ನ ಬಳಗದವರ ನಿರೀಕ್ಷೆಯನ್ನು ಸ್ವಲ್ಪ ಇಳಿಸಬೇಕಾಯಿತು. ಎಚ್1 ಸರಿಮಾಡಿದ ಮಾರನೆಯ ದಿನ ಪುಟ ಮೇಲಕ್ಕೇರುತ್ತದೆ ಎಂದು ಹೇಳುವವರು ಬಹಳ ಮಂದಿ ಇದ್ದಾರೆ, ಗೂಗಲ್ ಹಾಗೆ ಹೇಳುವುದಿಲ್ಲ. ಒಂದೂ ಎಚ್1 ಇಲ್ಲದ ಪುಟಕ್ಕೂ ಐದು ಎಚ್1 ಇರುವ ಪುಟಕ್ಕೂ ಅದರಿಂದಲೇ ತೊಂದರೆಯಾಗುವುದಿಲ್ಲ ಎಂದು ಗೂಗಲ್‌ನ ಜಾನ್ ಮ್ಯೂಲರ್ 2019ರಲ್ಲಿಯೇ ಸ್ಪಷ್ಟಪಡಿಸಿದ್ದರು. ತಲೆಬರಹಗಳ ಮಟ್ಟ ಕ್ರಮವಾಗಿರುವುದು, ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಬಹಳ ಒಳ್ಳೆಯದು, ಹುಡುಕಾಟದ ಮಟ್ಟಿಗೆ ಕ್ರಮ ತಪ್ಪಿದರೂ ನಡೆಯುತ್ತದೆ, ಇಷ್ಟೇ ತಲೆಬರಹ ಇರಬೇಕೆಂಬ ಮಾಯಾಸಂಖ್ಯೆಯೇನೂ ಇಲ್ಲ ಎಂಬ ಅರ್ಥದ ಮಾತು ಗೂಗಲ್‌ನ ಆರಂಭಿಕ ಮಾರ್ಗದರ್ಶಿಯಲ್ಲಿಯೂ ಇದೆ.

ಹಾಗಿದ್ದರೆ ಲಾಭ ಎಲ್ಲಿ? ನನ್ನ ಲೆಕ್ಕದಲ್ಲಿ ಅದು ಎರಡು ಕಡೆ. ತಲೆಬರಹದಲ್ಲಿರುವ ಪದಗಳು ಅದರ ಕೆಳಗಿನ ಭಾಗ ಯಾವುದರ ಬಗ್ಗೆ ಎಂದು ಹುಡುಕು ಯಂತ್ರಕ್ಕೆ ಹೇಳುತ್ತವೆ. ‘ಮಾಹಿತಿ’ ಎಂಬ ತಲೆಬರಹ ಏನನ್ನೂ ಹೇಳುವುದಿಲ್ಲ. ಎರಡನೆಯದು ನೀಲಿ ಸಾಲಿಗೆ ಸಂಬಂಧಿಸಿದ್ದು. ಫಲಿತಾಂಶದಲ್ಲಿ ತೋರಿಸುವ ಹೆಸರನ್ನು ಗೂಗಲ್ ಟೈಟಲ್ ಟ್ಯಾಗ್ (ಪುಟದ ಹೆಸರನ್ನು ಬ್ರೌಸರಿಗೂ ಯಂತ್ರಕ್ಕೂ ತಿಳಿಸುವ ಟ್ಯಾಗ್) ಒಂದರಿಂದಲೇ ತೆಗೆದುಕೊಳ್ಳುವುದಿಲ್ಲ, ಪುಟದಲ್ಲಿ ಎದ್ದು ಕಾಣುವ ಮುಖ್ಯ ಹೆಸರು ಮತ್ತು ಎಚ್1ನಂತಹ ತಲೆಬರಹಗಳನ್ನೂ ನೋಡುತ್ತದೆ. 2021ರ ಆಗಸ್ಟಿನಲ್ಲಿ ಗೂಗಲ್ ಈ ಬಗ್ಗೆ ವಿವರವಾಗಿಯೇ ತಿಳಿಸಿತ್ತು. ನಮ್ಮಲ್ಲಿ ಟೈಟಲ್ ಟ್ಯಾಗ್ ಎಲ್ಲ ಪುಟಗಳಲ್ಲೂ ತಾಣದ ಹೆಸರು ಮತ್ತು ಒಂದು ಉದ್ದದ ಘೋಷವಾಕ್ಯದಿಂದ ಶುರುವಾಗುತ್ತಿತ್ತು, ಎಚ್1 ಕೂಡ ತಾಣದ ಹೆಸರೇ. ಯಂತ್ರ ಯಾವ ಕಡೆ ತಿರುಗಿದರೂ ಅದಕ್ಕೆ ಸಿಕ್ಕಿದ್ದು ಒಂದೇ ಉತ್ತರ. ಹಿರಿಯರ ದೂರಿನ ಮೊದಲ ಭಾಗಕ್ಕೆ ಕಾರಣ ಇಲ್ಲೇ ಇತ್ತು.

ಥೀಮ್

ಇದು ಬೇಗ ಮುಗಿಯಿತು. ಮೂಲ ಥೀಮನ್ನು ಮುಟ್ಟದೆ ತಿದ್ದಲು ಚೈಲ್ಡ್ ಥೀಮ್ ಒಂದನ್ನು ಮಾಡಿಕೊಂಡು, ಮುಖಪುಟದಲ್ಲಿ ಮಾತ್ರ ತಾಣದ ಹೆಸರು ಎಚ್1 ಆಗಿ, ಉಳಿದೆಲ್ಲ ಪುಟಗಳಲ್ಲಿ ಸಾಮಾನ್ಯ ಪ್ಯಾರಾ ಆಗಿ ಬರುವಂತೆ ತಲೆಪಟ್ಟಿಯ ಕಡತವನ್ನು ತಿದ್ದಿದೆ. ಪುಟದ ಹೆಸರನ್ನು ಎಚ್2ರಿಂದ ಎಚ್1ಕ್ಕೆ ಏರಿಸಿ, ‘ಇದನ್ನೂ ಓದಿ’ ಪೆಟ್ಟಿಗೆಗೆ ಒಂದು ಎಚ್2 ಕೊಟ್ಟು ಅದರೊಳಗಿನ ಹೆಸರುಗಳನ್ನು ಎಚ್3 ಮಾಡಿದೆ. ಸಿಎಸ್‌ಎಸ್‌ನಲ್ಲಿ ಗಾತ್ರಗಳು ಟ್ಯಾಗ್‌ಗೆ ಅಂಟಿಕೊಂಡಿದ್ದವು. ಅವನ್ನು ಕ್ಲಾಸ್ ಹೆಸರುಗಳಿಗೆ ವರ್ಗಾಯಿಸಿದ್ದರಿಂದ ಮಟ್ಟ ಬದಲಾದರೂ ಪುಟದ ರೂಪ ಕೆಡಲಿಲ್ಲ. ಟೈಟಲ್ ಟ್ಯಾಗ್‌ನಲ್ಲಿ ಪುಟದ ಹೆಸರು ಮೊದಲು, ತಾಣದ ಹೆಸರು ಕೊನೆಗೆ ಬರುವಂತೆ ಮಾಡಿ ಘೋಷವಾಕ್ಯಕ್ಕೆ ವಿದಾಯ ಹೇಳಿದೆ.

ಕನ್ನಡದ ತಾಣ ಕಟ್ಟುವವರೆಲ್ಲ ಒಮ್ಮೆಯಾದರೂ ಎಡವುವ ಇನ್ನೊಂದು ಕಲ್ಲು ಇಲ್ಲಿಯೇ ಸಿಕ್ಕಿತು. ತಲೆಬರಹದ ಸಾಲಿನ ಎತ್ತರವನ್ನು ಥೀಮ್ 1.1 ಎಂದು ಇಟ್ಟಿತ್ತು. ರೋಮನ್ ಅಕ್ಷರಕ್ಕೆ ಅದು ಸಾಕು, ನಮ್ಮ ಒತ್ತಕ್ಷರಕ್ಕೆ ಸಾಲದು. ‘ಮೈಲುತುತ್ತು’ ಎರಡು ಸಾಲಿನ ತಲೆಬರಹದ ಮೇಲಿನ ಸಾಲಿನಲ್ಲಿ ಬಂದರೆ ತಕಾರದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. 1.5ಕ್ಕೆ ಏರಿಸಿದ ಮೇಲೆ ನೋಟೋ ಸ್ಯಾನ್ಸ್ ಕನ್ನಡ ಫಾಂಟು ಉಸಿರಾಡಿತು.

ಅನುಕ್ರಮ ತಪ್ಪಿದ ಶನಿವಾರ

ಲೇಖನಗಳ ಒಳಗಿನ ತಲೆಬರಹಗಳನ್ನು ತಿದ್ದುವುದು ನಿಜವಾದ ಕೆಲಸ. ಹಳೆಯ ಇಪ್ಪತ್ತು ಚಿಲ್ಲರೆ ಪುಟಗಳಲ್ಲಿ ಅಧ್ಯಾಯಕ್ಕೆ ಎಚ್3, ಅದರೊಳಗಿನ ಭಾಗಕ್ಕೆ ಎಚ್4 ಎಂಬ ಪದ್ಧತಿ ಇತ್ತು. ಪುಟದ ಹೆಸರು ಈಗ ಎಚ್1 ಆದ್ದರಿಂದ ಎಚ್3ನ್ನು ಎಚ್2ಕ್ಕೂ ಎಚ್4ನ್ನು ಎಚ್3ಕ್ಕೂ ಒಂದೊಂದು ಮೆಟ್ಟಿಲು ಏರಿಸಬೇಕಿತ್ತು. ಕೈಯಿಂದ ಮಾಡುವುದು ಬೇಸರದ ಕೆಲಸವೆಂದು ಡಬ್ಲ್ಯೂಪಿ ಸಿಎಲ್‌ಐ ಎಂಬ ಆಜ್ಞಾಸಾಲಿನ ಸಲಕರಣೆಯಿಂದ ಡೇಟಾಬೇಸಿನಲ್ಲಿ ಹುಡುಕಿ ಬದಲಿಸಲು ಹೊರಟೆ. ಆ ಬೆಳಿಗ್ಗೆ ಡೇಟಾಬೇಸಿನ ಪೂರ್ಣ ಪ್ರತಿ ತೆಗೆದಿಟ್ಟದ್ದು ಒಂದೇ ನಾನು ಮಾಡಿದ ಬುದ್ಧಿವಂತಿಕೆ.

ಮೊದಲ ಆಜ್ಞೆ ಎಚ್4ನ್ನು ಎಚ್3 ಮಾಡುವಂಥದ್ದು, ಎರಡನೆಯದು ಎಚ್3ನ್ನು ಎಚ್2 ಮಾಡುವಂಥದ್ದು. ಎರಡನ್ನೂ ಮೊದಲು ಡ್ರೈ ರನ್ (ಏನನ್ನೂ ಬದಲಿಸದ ತಾಲೀಮು) ಮಾಡಿಸಿ, ಎಷ್ಟು ಕಡೆ ಬದಲಾಗುತ್ತದೆ ಎಂಬ ಎಣಿಕೆ ನೋಡಿ ತೃಪ್ತನಾಗಿ, ನಿಜವಾಗಿಯೇ ಓಡಿಸಿದೆ. ಓದುವವರಿಗೆ ಈಗಲೇ ತಪ್ಪು ಹೊಳೆದಿರಬಹುದು. ಮೊದಲ ಆಜ್ಞೆಯಿಂದ ಹೊಸದಾಗಿ ಎಚ್3 ಆದ ಉಪಭಾಗಗಳು ಹಳೆಯ ಎಚ್3ಗಳ ಜೊತೆ ಬೆರೆತುಹೋದವು, ಎರಡನೆಯ ಆಜ್ಞೆ ಎಲ್ಲವನ್ನೂ ಒಟ್ಟಿಗೆ ಎಚ್2 ಮಾಡಿತು. ಅಧ್ಯಾಯವೂ ಅದರೊಳಗಿನ ಭಾಗವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಂತಾಯಿತು. ಡ್ರೈ ರನ್‌ನಲ್ಲಿ ಪ್ರತಿ ಆಜ್ಞೆಯೂ ಬದಲಾಗದ ಡೇಟಾಬೇಸನ್ನೇ ನೋಡುವುದರಿಂದ ಅಲ್ಲಿ ಇದು ಕಾಣಲು ಸಾಧ್ಯವೇ ಇರಲಿಲ್ಲ. ನಿಜವಾದ ಓಟದಲ್ಲಿ ಎರಡನೆಯ ಆಜ್ಞೆಯ ಎಣಿಕೆ ಡ್ರೈ ರನ್‌ನ ಎಣಿಕೆಗಿಂತ ಹೆಚ್ಚು ಬಂದಿತ್ತು. ಅದನ್ನು ನೋಡಿಯೂ ನಾನು ಚಹಾ ಕುಡಿಯಲು ಎದ್ದು ಹೋದೆ.

ಪ್ರತಿಯಿಂದ ಎಲ್ಲವನ್ನೂ ಮರುಸ್ಥಾಪಿಸಿ, ಆಜ್ಞೆಗಳ ಕ್ರಮವನ್ನು ತಿರುಗಿಸಿದೆ. ಏರಿಸುವಾಗ ಮೇಲಿನದನ್ನು ಮೊದಲು ಏರಿಸಿ ಜಾಗ ಖಾಲಿ ಮಾಡಬೇಕು, ಇಳಿಸುವಾಗ ಕೆಳಗಿನದನ್ನು ಮೊದಲು ಇಳಿಸಬೇಕು. ಏಣಿಯ ಮೇಲೆ ನಿಂತವರನ್ನು ಸರಿಸುವ ಹಾಗೆ.

ಆದರೂ ಎರಡು ಸಂಗತಿ ಉಳಿದವು. ಕೆಲವು ತಲೆಬರಹಗಳ ತೆರೆಯುವ ಟ್ಯಾಗ್‌ನಲ್ಲಿ ಕ್ಲಾಸ್ ಹೆಸರೂ ಇದ್ದುದರಿಂದ ನನ್ನ ಹುಡುಕಾಟಕ್ಕೆ ಅವು ಸಿಕ್ಕಿರಲಿಲ್ಲ, ಮುಚ್ಚುವ ಟ್ಯಾಗ್‌ಗಳು ಮಾತ್ರ ಬದಲಾಗಿದ್ದವು. ಎಚ್3 ಎಂದು ತೆರೆದು ಎಚ್2 ಎಂದು ಮುಚ್ಚಿದ ತಲೆಬರಹ ಬ್ರೌಸರಿನಲ್ಲಿ ಏನೂ ಆಗದಂತೆ ಕಾಣುತ್ತದೆ, ಏಕೆಂದರೆ ಯಾವ ಮಟ್ಟದ ಮುಚ್ಚುವ ಟ್ಯಾಗ್ ಬಂದರೂ ತೆರೆದಿರುವ ತಲೆಬರಹವನ್ನು ಮುಚ್ಚುವ ಔದಾರ್ಯ ಎಚ್‌ಟಿಎಂಎಲ್ ಓದುವ ನಿಯಮದಲ್ಲಿಯೇ ಇದೆ. ಕಣ್ಣಿಗೆ ಕಾಣದ ಈ ತಪ್ಪನ್ನು ಹಿಡಿಯಲು ಮತ್ತೆ ಕನ್ಸೋಲಿನ ಪಟ್ಟಿಯೇ ಬೇಕಾಯಿತು. ಎರಡನೆಯದು, 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ 5.0 ಜೊತೆ ಬಂದ ಬ್ಲಾಕ್ ಎಡಿಟರಿನದು. ಅದು ಪ್ರತಿ ತಲೆಬರಹದ ಮೇಲೆ ಒಂದು ಎಚ್‌ಟಿಎಂಎಲ್ ಕಮೆಂಟ್ ಬರೆದು ಅದರಲ್ಲಿ ಮಟ್ಟವನ್ನು ದಾಖಲಿಸುತ್ತದೆ. ಎಚ್2 ಆಗಿದ್ದರೆ ಮಾತ್ರ ಮಟ್ಟವನ್ನು ಬರೆಯುವುದೇ ಇಲ್ಲ, ಅದೇ ಅದರ ಸಹಜ ಸ್ಥಿತಿ. ಟ್ಯಾಗ್ ಮಾತ್ರ ಬದಲಿಸಿ ಕಮೆಂಟಿನ ಮಟ್ಟವನ್ನು ಹಾಗೆಯೇ ಬಿಟ್ಟರೆ ಓದುಗರಿಗೆ ಪುಟ ಸರಿಯಾಗಿಯೇ ಕಾಣುತ್ತದೆ, ತಿದ್ದಲು ತೆರೆದವರಿಗೆ ಬ್ಲಾಕ್ ಕೆಟ್ಟಿದೆ ಎಂಬ ಎಚ್ಚರಿಕೆ ಬರುತ್ತದೆ. ಬಳಗದಿಂದ ಬಂದ ಮೂರು ಫೋನ್ ಕರೆಗಳ ನಂತರ ಅದನ್ನೂ ಸರಿಮಾಡಿದೆ.

ದಪ್ಪಕ್ಷರದ ಪ್ಯಾರಾಗಳನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಲಿಲ್ಲ. ಯಾವುದು ತಲೆಬರಹ, ಯಾವುದು ಬರೀ ಒತ್ತು ಕೊಟ್ಟ ಮಾತು ಎಂಬುದನ್ನು ಓದಿಯೇ ತೀರ್ಮಾನಿಸಬೇಕು. ‘ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು’ ಎಂಬುದು ಎಚ್ಚರಿಕೆ, ತಲೆಬರಹವಲ್ಲ. ಅದು ದಪ್ಪಕ್ಷರದಲ್ಲಿಯೇ ಉಳಿಯಿತು.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಇಲ್ಲಿಂದ ಮುಂದಿನದು ಇಂಗ್ಲಿಷ್ ತಾಣಗಳ ದುರಸ್ತಿಯಲ್ಲಿ ಯಾರಿಗೂ ಎದುರಾಗದ ಸಮಸ್ಯೆ. ಆರು ವಾರಗಳಲ್ಲಿ ಅರ್ಧದಷ್ಟನ್ನು ತಿಂದದ್ದೂ ಇದೇ.

ತಾಣದ ಅತಿ ಹಳೆಯ ಪುಟಗಳ ಪಠ್ಯ ಮೊದಲಿಗೆ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಆದದ್ದು. ಅಂಥ ಕಡತದಲ್ಲಿ ನಿಜವಾಗಿ ಇರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಫಾಂಟು ಅವುಗಳ ಮೇಲೆ ಕನ್ನಡದ ರೂಪ ಹೊದಿಸುತ್ತದೆ. ಫಾಂಟು ಇದ್ದ ಕಂಪ್ಯೂಟರಿನಲ್ಲಿ ಅದು ಕನ್ನಡ, ಹುಡುಕು ಯಂತ್ರಕ್ಕೆ ಗಿಜಿಬಿಜಿ. ಈ ಕಾರಣಕ್ಕೆ ಹಿಂದಿನವರು ಮುಖ್ಯ ತಲೆಬರಹಗಳನ್ನು ಚಿತ್ರಗಳಾಗಿ ಮಾಡಿ ಹಾಕಿದ್ದರು. ಚಿತ್ರಕ್ಕೆ ಆಲ್ಟ್ ಪಠ್ಯವೂ ಇರಲಿಲ್ಲ. ಚಿತ್ರಗಳನ್ನು ತೆಗೆದು ಅಲ್ಲಿ ನಿಜವಾದ ಎಚ್2 ಬರೆದೆ. ಪುಟದ ಉಳಿದ ಪಠ್ಯವನ್ನು ಯಾರೋ ಹಿಂದೆಯೇ, ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್ ಸಂಕೇತಗಳಿಗೆ ಪರಿವರ್ತಿಸಿದ್ದರು, ಹಾಗಾಗಿ ಅದರ ಗೋಜಿಗೆ ಹೋಗಬೇಕಿಲ್ಲ ಎಂದು ನಂಬಿದ್ದೆ.

ಪುಟದ ಮೇಲ್ಭಾಗದಲ್ಲಿ ಪರಿವಿಡಿಯೊಂದನ್ನು ಇಟ್ಟು, ಅಲ್ಲಿಂದ ಆಯಾ ತಲೆಬರಹಕ್ಕೆ ನೆಗೆಯುವ ಕೊಂಡಿ ಕೊಡುವುದು ಯೋಜನೆಯ ಭಾಗವಾಗಿತ್ತು. ತಲೆಬರಹದ ಪಠ್ಯವನ್ನೇ ಅದರ ಐಡಿ (ಕೊಂಡಿ ನೆಗೆಯಬೇಕಾದ ಜಾಗದ ಗುರುತು) ಆಗಿ ಬಳಸಿದ್ದೆವು. ಕೊಳೆರೋಗದ ಪುಟದಲ್ಲಿ ನಾನು ಟೈಪ್ ಮಾಡಿದ ‘ಕೊಳೆರೋಗ’ ಕೊಂಡಿಯನ್ನು ಒತ್ತಿದರೆ ಪುಟ ಅಲುಗಾಡಲಿಲ್ಲ. ಕೊಂಡಿಯಲ್ಲಿಯೂ ‘ಕೊಳೆರೋಗ’, ಐಡಿಯಲ್ಲಿಯೂ ‘ಕೊಳೆರೋಗ’. ಒಂದು ಸಂಜೆ ಪೂರ್ತಿ ಎರಡನ್ನೂ ಅಕ್ಕಪಕ್ಕ ಇಟ್ಟು ದಿಟ್ಟಿಸಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕೊನೆಗೆ ಪೈಥಾನ್‌ನಲ್ಲಿ ಎರಡರ ಉದ್ದ ಎಣಿಸಿದಾಗ ಒಂದು 7, ಇನ್ನೊಂದು 10 ಎಂದು ಬಂತು.

ಗುಟ್ಟು ಇಷ್ಟು. ಯೂನಿಕೋಡಿನಲ್ಲಿ ‘ಕೊ’ದ ಒಕಾರ ಚಿಹ್ನೆಗೆ ಒಂದು ಸ್ವಂತ ಸಂಕೇತವಿದೆ, ಅದನ್ನೇ ಎಕಾರ ಚಿಹ್ನೆ ಮತ್ತು ಊಕಾರ ಚಿಹ್ನೆ ಎಂಬ ಎರಡು ಸಂಕೇತಗಳಾಗಿ ಒಡೆದೂ ಬರೆಯಬಹುದು. ‘ರೋ’ದ ಓಕಾರವಾದರೆ ಒಡೆದಾಗ ಮೂರಾಗುತ್ತದೆ: ಎಕಾರ, ಊಕಾರ, ಮತ್ತು ದೀರ್ಘದ ಬಾಲ. ಪರದೆಯ ಮೇಲೆ ಎರಡೂ ರೂಪಗಳು ಒಂದೇ ರೀತಿ ಮೂಡುತ್ತವೆ, ಯೂನಿಕೋಡ್ ನಿಯಮದ ಪ್ರಕಾರ ಅವು ಸಮಾನವೂ ಹೌದು. ಐಡಿಯನ್ನು ಹೋಲಿಸುವ ಬ್ರೌಸರು ಮಾತ್ರ ಸಂಕೇತಗಳನ್ನು ಒಂದೊಂದಾಗಿ ನೋಡುತ್ತದೆ, ಸಮಾನತೆಯ ಗೊಡವೆಗೆ ಹೋಗುವುದಿಲ್ಲ. ಹಳೆಯ ಪಠ್ಯವನ್ನು ಪರಿವರ್ತಿಸಿದ ತಂತ್ರಾಂಶ ಒಡೆದ ರೂಪದಲ್ಲಿ ಬರೆದಿತ್ತು, ನನ್ನ ಕೀಲಿಮಣೆ ಕೂಡಿದ ರೂಪದಲ್ಲಿ. ಹೊರತೆಗೆದ ಕಡತದಲ್ಲಿ ‘ಕೊಳೆರೋಗ’ ಎಂದು ಹುಡುಕಿದಾಗ ಅರ್ಧ ಪುಟಗಳು ಸಿಗದೆ ಹೋಗಿದ್ದೂ ಇದರಿಂದಲೇ ಎಂದು ಆಗ ಗೊತ್ತಾಯಿತು.

ಮದ್ದು ಸರಳವಾಗಿತ್ತು. ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಕ್ರಮವನ್ನು ಪೈಥಾನ್‌ನ ಸಿದ್ಧ ಗ್ರಂಥಾಲಯದಿಂದ ಎಲ್ಲ ಪುಟಗಳ ಮೇಲೂ ಓಡಿಸಿದೆ. ಒಡೆದವು ಕೂಡಿದವು. ಹಿಂದೆ ಮುಂದೆ ಸುಳಿಯುತ್ತಿದ್ದ ಕೆಲವು ಶೂನ್ಯ ಅಗಲದ ಸಂಕೇತಗಳನ್ನು ಕೈಯಿಂದ ತೆಗೆದೆ, ಎಲ್ಲವನ್ನೂ ಅಲ್ಲ. ‘ಸಾಫ್ಟ್‌ವೇರ್’ನಂತಹ ಪದದಲ್ಲಿ ಒತ್ತು ಬೀಳದಂತೆ ತಡೆಯಲು ಅದು ಬೇಕೇ ಬೇಕು.

ಕನ್ನಡದ ಐಡಿಯನ್ನೇ ಉಳಿಸಿಕೊಳ್ಳುವ ಆಸೆಯಿತ್ತು. ಆದರೆ ಕನ್ನಡದ ಪ್ರತಿ ಸಂಕೇತವೂ ಯುಟಿಎಫ್ 8 ಎಂಬ ಶೇಖರಣಾ ಕ್ರಮದಲ್ಲಿ 3 ಬೈಟುಗಳು, ಕೊಂಡಿಯನ್ನು ನಕಲು ಮಾಡುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆಯ ಸಮೇತ 3 ಅಕ್ಷರವಾಗುತ್ತದೆ. ಏಳು ಸಂಕೇತಗಳ ‘ಕೊಳೆರೋಗ’ ವಾಟ್ಸ್ಆ್ಯಪ್‌ಗೆ ಹೋಗುವಾಗ 63 ಅಕ್ಷರಗಳ ಹಾವಾಗುತ್ತದೆ. ನಮ್ಮ ಓದುಗರು ಪುಟಗಳನ್ನು ಹಂಚಿಕೊಳ್ಳುವುದೇ ಅಲ್ಲಿ. ಹಾಗಾಗಿ ಐಡಿಗಳನ್ನು ಚಿಕ್ಕ ರೋಮನ್ ಗುರುತುಗಳಾಗಿ ಬದಲಿಸಿದೆ. ತಲೆಬರಹ ಕನ್ನಡದಲ್ಲಿ, ಅದರ ಬೆನ್ನಿನ ಗುರುತು ರೋಮನ್‌ನಲ್ಲಿ. ಇದರಲ್ಲಿ ನನಗೆ ಪೂರ್ಣ ಸಮಾಧಾನವಿಲ್ಲ, ಆದರೆ ಕೆಲಸ ನಡೆಯುತ್ತಿದೆ.

ಪದಗಳ ಆಯ್ಕೆ

ಚೌಕಟ್ಟು ನಿಂತ ಮೇಲೆ ತಲೆಬರಹಗಳಲ್ಲಿ ಏನು ಬರೆಯಬೇಕೆಂಬ ಪ್ರಶ್ನೆ. ಇದಕ್ಕೆ ಗೂಗಲ್ ಸರ್ಚ್ ಕನ್ಸೋಲ್ ನೆರವಾಯಿತು. ಹಿಂದಿನ 16 ತಿಂಗಳ ಹುಡುಕಾಟದ ಪದಗಳು ಅಲ್ಲಿ ಸಿಗುತ್ತವೆ. ನಾವು ‘ತಾಮ್ರದ ಸಲ್ಫೇಟ್’ ಎಂದು ಬರೆದಿದ್ದೆವು, ಜನ ‘ಮೈಲುತುತ್ತು’ ಎಂದು ಹುಡುಕುತ್ತಿದ್ದರು. ನಾವು ‘ನಿರ್ವಹಣಾ ಕ್ರಮಗಳು’ ಎಂದಿದ್ದೆವು, ಅವರು ‘ಔಷಧಿ’ ಎನ್ನುತ್ತಿದ್ದರು. ನಮ್ಮ ಒಂದು ಪುಟದಲ್ಲಿಯೂ ‘ಮಹಾಳಿ’ ಎಂಬ ಪದವಿರಲಿಲ್ಲ. ಕೊಳೆರೋಗವನ್ನು ಹಾಗೆಂದೇ ಕರೆಯುವ ಊರುಗಳಿವೆ. ಬಹಳಷ್ಟು ಹುಡುಕಾಟ ರೋಮನ್ ಲಿಪಿಯಲ್ಲಿ ಬರೆದ ಕನ್ನಡದಲ್ಲಿಯೂ ಇತ್ತು. ಅದಕ್ಕಾಗಿ ತಲೆಬರಹದಲ್ಲಿ ರೋಮನ್ ಕನ್ನಡ ತುರುಕೋಣವೆಂದು ಬಳಗದ ಒಬ್ಬರು ಸೂಚಿಸಿದರು, ನಾನು ಒಪ್ಪಲಿಲ್ಲ.

ಬೋರ್ಡೋ ದ್ರಾವಣದ ಪುಟದ ಹೊಸ ಪಟ್ಟಿ ಇದು:

ಎಚ್1: ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ತಯಾರಿ ಮತ್ತು ಸಿಂಪಡಣೆ
ಎಚ್2: 100 ಲೀಟರಿಗೆ ಮೈಲುತುತ್ತು, ಸುಣ್ಣ ಎಷ್ಟು?
ಎಚ್2: ಬೋರ್ಡೋ ದ್ರಾವಣ ತಯಾರಿಸುವ ವಿಧಾನ
ಎಚ್3: ಎರಡು ಪಾತ್ರೆಗಳಲ್ಲಿ ಕರಗಿಸುವುದು
ಎಚ್3: ಸುಣ್ಣ ಸಾಕೇ? ಚಾಕುವಿನ ಪರೀಕ್ಷೆ
ಎಚ್2: ಯಾವಾಗ, ಎಷ್ಟು ಸಲ ಸಿಂಪಡಿಸಬೇಕು?
ಎಚ್2: ಈ ದ್ರಾವಣ ಮಲೆನಾಡಿಗೆ ಬಂದ ಬಗೆ
ಎಚ್2: ಇದನ್ನೂ ಓದಿ

ತಲೆಬರಹವನ್ನು ಬದಲಿಸಿದೊಡನೆ ಅದರ ಕೆಳಗಿನ ಪಠ್ಯದ ದೋಷವೂ ಎದ್ದು ಕಂಡಿತು. ‘ಎಷ್ಟು?’ ಎಂದು ಕೇಳಿದ ಮೇಲೆ ಮೊದಲ ವಾಕ್ಯದಲ್ಲಿಯೇ ಉತ್ತರವಿರಬೇಕು: ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಹಳೆಯ ಪುಟದಲ್ಲಿ ಈ ಮಾತು ‘ಮಾಹಿತಿ’ಯ ಮೂರನೆಯ ಪ್ಯಾರಾದ ನಡುವೆ ಅಡಗಿತ್ತು. ಮೊದಲ ಪ್ಯಾರಾಗಳನ್ನು ‘ಪೀಠಿಕೆ’ಯ ಇತಿಹಾಸವೇ ಆವರಿಸಿತ್ತು: 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಯ ರೋಗಕ್ಕೆ ಈ ದ್ರಾವಣವನ್ನು ಪ್ರಕಟಿಸಿದ್ದು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದ್ದು. ನನಗೆ ಇಷ್ಟವಾದ ಭಾಗ ಅದು, ಆದರೆ ಮಳೆ ಮೋಡ ಕವಿಯುತ್ತಿರುವಾಗ ಪಾತ್ರೆ ಹಿಡಿದು ನಿಂತವರಿಗಲ್ಲ. ಅದನ್ನು ಅಳಿಸದೆ ಕೊನೆಗೆ ಒಯ್ದು, ಅದಕ್ಕೆ ಅದರದ್ದೇ ಎಚ್2 ಕೊಟ್ಟೆ.

ಚಾಕುವಿನ ಪರೀಕ್ಷೆಗೆ ಪ್ರತ್ಯೇಕ ಎಚ್3 ಕೊಟ್ಟದ್ದಕ್ಕೂ ಕಾರಣವಿದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಅದರ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಬೆರೆಸಬೇಕು ಎಂಬುದು ದ್ರಾವಣ ತಯಾರಾದ ಮೇಲೆ ಮತ್ತೆ ಪುಟ ತೆರೆದು ನೋಡುವ ಸಂಗತಿ. ಎರಡನೆಯ ಸಲ ಬರುವವರು ನೇರ ಅಲ್ಲಿಗೆ ನೆಗೆಯಬೇಕು.

ಎಲ್ಲ ತಲೆಬರಹಗಳನ್ನೂ ಪ್ರಶ್ನೆಗಳಾಗಿ ಮಾಡಬೇಕೆಂಬ ಸಲಹೆ ಈಗ ಬಹಳ ಚಾಲ್ತಿಯಲ್ಲಿದೆ. ಒಂದು ಪುಟದಲ್ಲಿ ಹಾಗೆ ಮಾಡಿ ಓದಿ ನೋಡಿದೆ. ಪೊಲೀಸ್ ಠಾಣೆಯ ವಿಚಾರಣೆಯಂತಿತ್ತು. ಜನ ನಿಜವಾಗಿ ಪ್ರಶ್ನೆಯಾಗಿ ಕೇಳುವುದನ್ನು ಮಾತ್ರ ಪ್ರಶ್ನೆಯಾಗಿ ಉಳಿಸಿದೆ. ಪ್ರತಿ ಎಚ್2ರಲ್ಲಿಯೂ ‘ಅಡಿಕೆ ಕೊಳೆರೋಗ’ ಎಂದು ಮತ್ತೆ ಮತ್ತೆ ಬರೆಯುವುದನ್ನೂ ಬಿಟ್ಟೆ, ಪುಟದ ಹೆಸರು ಅದನ್ನು ಒಮ್ಮೆ ಹೇಳಿದೆ.

ಕಿವಿಯಿಂದ ಪರೀಕ್ಷೆ

ದೃಷ್ಟಿಯಿಲ್ಲದ ಗೆಳೆಯರೊಬ್ಬರು ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬಳಸುತ್ತಾರೆ. ಅದರಲ್ಲಿ ಎಚ್ ಕೀಲಿ ಒತ್ತಿದರೆ ಮುಂದಿನ ತಲೆಬರಹಕ್ಕೆ, 1ರಿಂದ 6ರವರೆಗಿನ ಅಂಕಿ ಒತ್ತಿದರೆ ಆ ಮಟ್ಟದ ತಲೆಬರಹಕ್ಕೆ ನೆಗೆಯಬಹುದು. ಉದ್ದನೆಯ ಪುಟ ಎದುರಾದಾಗ ಮೊದಲು ತಲೆಬರಹಗಳ ಮೂಲಕವೇ ಓಡಾಡುತ್ತೇವೆ ಎಂದು ವೆಬ್‌ಏಮ್ ಎಂಬ ಸಂಸ್ಥೆಯ ಇತ್ತೀಚಿನ ಸಮೀಕ್ಷೆಗಳಲ್ಲಿ ಉತ್ತರಿಸಿದ ಸ್ಕ್ರೀನ್ ರೀಡರ್ ಬಳಕೆದಾರರು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು. ಗೆಳೆಯರು ಹಳೆಯ ಪುಟದ ಪ್ರತಿಯಲ್ಲಿ ಅಂಕಿ 1 ಒತ್ತಿದರು. ತಾಣದ ಹೆಸರು ಕೇಳಿಸಿತು. ಮತ್ತೆ ಒತ್ತಿದಾಗ ಹಳದಿ ಎಲೆ ರೋಗ. ‘ನಾನು ಬೇರೆ ಪುಟಕ್ಕೆ ಬಂದೆನೇ?’ ಎಂದು ಕೇಳಿದರು. ಹೊಸ ಪುಟದಲ್ಲಿ 2ನ್ನು ಒತ್ತುತ್ತ ಹೋಗಿ ‘ಯಾವಾಗ, ಎಷ್ಟು ಸಲ’ ಎಂಬಲ್ಲಿ ನಿಂತು, ಮಳೆಗಾಲ ಶುರುವಾಗುವ ಮುನ್ನ ಒಮ್ಮೆ, 40ರಿಂದ 45 ದಿನಗಳ ನಂತರ ಇನ್ನೊಮ್ಮೆ ಎಂಬುದನ್ನು ಕೇಳಿ ತಲೆಯಾಡಿಸಿದರು.

ಆದರೆ ಕನ್ನಡವನ್ನು ಯಂತ್ರ ಇಂಗ್ಲಿಷ್ ಧ್ವನಿಯಲ್ಲಿ ಓದಲು ಒದ್ದಾಡುತ್ತಿತ್ತು. ಪುಟದ ಭಾಷೆ ಇಂಗ್ಲಿಷ್ ಎಂದು ಎಚ್‌ಟಿಎಂಎಲ್‌ನ ಮೊದಲ ಸಾಲಿನಲ್ಲಿಯೇ ಬರೆದಿತ್ತು. ವರ್ಡ್‌ಪ್ರೆಸ್‌ನ ಸೆಟ್ಟಿಂಗ್‌ನಲ್ಲಿ ತಾಣದ ಭಾಷೆಯನ್ನು ಕನ್ನಡಕ್ಕೆ ಬದಲಿಸಿದ್ದೇ ತಡ ಇ-ಸ್ಪೀಕ್ ಎಂಬ ಧ್ವನಿ ತಂತ್ರಾಂಶದ ಕನ್ನಡ ಧ್ವನಿ ಎಚ್ಚೆತ್ತಿತು. ಪುಟದ ಭಾಷೆಯನ್ನು ಗೂಗಲ್ ಈ ಗುರುತಿನಿಂದಲ್ಲ, ಕಾಣುವ ಪಠ್ಯದಿಂದ ಗುರುತಿಸುತ್ತದೆ. ಆದ್ದರಿಂದ ಹುಡುಕಾಟಕ್ಕೆ ಇದರಿಂದ ಏನೂ ಆಗಲಿಲ್ಲ, ಗೆಳೆಯರಿಗೆ ಆಯಿತು.

ಈಗಿನ ಸ್ಥಿತಿ

ಸರ್ಚ್ ಕನ್ಸೋಲಿನಲ್ಲಿ ಮುಖ್ಯ ಪುಟಗಳನ್ನು ಮತ್ತೆ ಸೂಚಿಗೆ ಸೇರಿಸಲು ಕೋರಿದ ಕೆಲವು ದಿನಗಳಲ್ಲಿ ನೀಲಿ ಸಾಲಿನಲ್ಲಿ ಪುಟದ ಹೆಸರು ಬಂತು. ಇದು ದುರಸ್ತಿಯಿಂದಲೇ ಆದದ್ದು ಎಂದು ನಿಶ್ಚಯವಾಗಿ ಹೇಳಬಲ್ಲೆ. ಜೂನ್ ತಿಂಗಳಲ್ಲಿ ಕೊಳೆರೋಗದ ಪುಟಕ್ಕೆ ಬಂದವರ ಸಂಖ್ಯೆಯೂ ಏರಿತು, ಬಳಗದಲ್ಲಿ ಅಭಿನಂದನೆಗಳೂ ಬಂದವು. ಅದನ್ನು ನನ್ನ ಖಾತೆಗೆ ಬರೆದುಕೊಳ್ಳಲು ಮನಸ್ಸಾಗಲಿಲ್ಲ. ಮಳೆ ಹಿಡಿದರೆ ಕೊಳೆರೋಗವನ್ನು ಹುಡುಕುವವರು ಪ್ರತಿ ವರ್ಷವೂ ಹೆಚ್ಚುತ್ತಾರೆ. ಬೇಸಿಗೆಯ ಅಂಕಿಯ ಪಕ್ಕದಲ್ಲಿ ಮಳೆಗಾಲದ ಅಂಕಿ ಇಟ್ಟು ಎಚ್2ರ ಮಹಿಮೆ ಎನ್ನುವುದು ಸರಿಯಲ್ಲ. ಹಿಂದಿನ ವರ್ಷದ ಅದೇ ವಾರಗಳ ಜೊತೆ ಹೋಲಿಸಬೇಕು. ಆಗಲೂ ಎರಡು ವರ್ಷಗಳ ಮಳೆ ಒಂದೇ ಥರ ಬಿದ್ದಿರುವುದಿಲ್ಲ. ‘ಮೈಲುತುತ್ತು’ ಇರುವ ಹುಡುಕಾಟಗಳಿಗೆ ಹಿಂದೆ ಅಪರೂಪಕ್ಕೆ ಕಾಣಿಸಿಕೊಳ್ಳುತ್ತಿದ್ದ ಪುಟ ಈಗ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದೆ, ಅದು ಆ ಪದ ಪುಟದಲ್ಲಿ ಬಂದುದರ ಫಲ.

ಎಲೆಚುಕ್ಕಿ ರೋಗದ ಪುಟ ಬಾಕಿ ಇದೆ. ಅದರಲ್ಲಿ ಎಚ್2 ಎಂದು ಇರುವುದೆಲ್ಲ ಚಿತ್ರಗಳ ಅಡಿಬರಹಗಳು. ಬರೆದವರು ತೋಟದ ಕೆಲಸ ಮುಗಿಸಿ ಬಂದು ಜೊತೆಗೆ ಕುಳಿತು ತಿದ್ದುತ್ತೇನೆ ಎಂದಿದ್ದಾರೆ.